ಸರೋಜ ಆಡದ ಮಾತು

ಸರೋಜ, ಚೀಲ ತೊಳೆಯಲು ನಿನಗೆ ಅಸಹ್ಯವೆಂದು ಮಂಜನಿಗೆ ಹೇಳಿದವಳು ನಾನು. ನೀನು ಹಾಗೆ ಅಂದಿರಲಿಲ್ಲ. ಸುಳ್ಳೆಂದು ಗೊತ್ತಿದ್ದೇ ಹೇಳಿದೆ.

ನಿನ್ನ ಗಂಡನಾಗುವ ಮೊದಲು ಅವನು ನನ್ನ ತಮ್ಮ. ಅವ್ವ ತೀರಿಕೊಂಡ ಮೇಲೆ ಬಾಗಲೂರಿನ ಮನೆಯಲ್ಲಿ ಅವನಿಗೆ ಉಣ್ಣಿಸಿದ್ದು, ಜ್ವರ ಬಂದರೆ ಪಕ್ಕದಲ್ಲಿ ಕೂತದ್ದು ನಾನೇ. ಅವನಿಗೆ ಫ್ಯಾಕ್ಟರಿ ಕೆಲಸ ಸಿಕ್ಕಿ, ನಿನ್ನನ್ನು ಮದುವೆಯಾಗಿ, ಮತ್ತಿಗಿರಿಯಲ್ಲಿ ಮನೆ ಮಾಡಿದ ಮೇಲೆ ನಾನು ಹಬ್ಬಕ್ಕೆ ಬಂದು ಹೋಗುವವಳಾದೆ. ಅಡುಗೆಮನೆಯಿಂದ ನಿಮ್ಮಿಬ್ಬರ ನಗು ಕೇಳಿದರೆ ನನಗೆ ಅನ್ನ ಸೇರುತ್ತಿರಲಿಲ್ಲ — ಇದನ್ನೂ ಹೇಳಿಬಿಡುತ್ತೇನೆ.

ಅವನ ಹೊಟ್ಟೆ ಉಬ್ಬಿ, ಗಾಳಿಯೂ ಹೋಗದೆ, ವಾಂತಿ ಶುರುವಾದಾಗ ಹೊಸೂರಿನ ಆಸ್ಪತ್ರೆಗೆ ಸೇರಿಸಿದೆವಲ್ಲ. ದೊಡ್ಡ ಕರುಳಿನಲ್ಲಿ ಕ್ಯಾನ್ಸರ್ ಗಡ್ಡೆ ಬೆಳೆದು ದಾರಿ ಮುಚ್ಚಿದೆ ಎಂದರು ಡಾಕ್ಟರು. ಇಲ್ಲೇ ತಕ್ಷಣ ಆಪರೇಷನ್ ಮಾಡಿದರೆ ಹೊಟ್ಟೆಗೆ ತೂತು ಮಾಡಿ, ಮಲ ಬೀಳಲು ಚೀಲ ಕಟ್ಟಬೇಕು. ಬೆಂಗಳೂರಿಗೆ ಹೋದರೆ ಕೆಳಗಿನಿಂದಲೇ ಸ್ಟೆಂಟ್ ಎಂಬ ಜಾಲರಿಯ ಕೊಳವೆ ತೂರಿಸಿ ದಾರಿ ಬಿಡಿಸುತ್ತಾರೆ. ಅವನು ಸುಧಾರಿಸಿಕೊಂಡ ಮೇಲೆ ಗಡ್ಡೆ ತೆಗೆದರೆ ಚೀಲ ಬೇಡವಾಗಬಹುದು.

ನೀನು ತಮಿಳಿನಲ್ಲಿ ಅವರನ್ನು ಏನೇನೋ ಕೇಳಿದೆ. ಆಮೇಲೆ ನನ್ನ ಕಡೆ ತಿರುಗಿ ಅಂದೆ: "ಚೀಲ ಇದ್ರೂ ನಾನು ನೋಡ್ಕೊತೀನಿ ಅಕ್ಕ. ಆದ್ರೆ ಅವ್ರು ಮಾನಕ್ಕೆ ಅಂಜೋರು, ಒಳಗೊಳಗೇ ಸತ್ತೋಯ್ತಾರೆ. ಬೆಂಗ್ಳೂರಿಗೇ ಕರ್ಕೊಂಡೋಗಣ."

ನನ್ನ ತಮ್ಮನನ್ನು ನನಗಿಂತ ಚೆನ್ನಾಗಿ ಬಲ್ಲವಳ ಹಾಗೆ — ಅಲ್ಲ, ನೀನು ನಿಜಕ್ಕೂ ಬಲ್ಲವಳೇ. ಅದೇ ನನ್ನನ್ನು ಸುಟ್ಟಿದ್ದು.

ಗಾಡಿ ಗೊತ್ತುಮಾಡಲು ನೀನು ಎದುರಿನ ಎಸ್‌ಟಿಡಿ ಬೂತಿಗೆ ಹೋದಾಗ ನಾನು ಅವನ ಕಿವಿಯ ಹತ್ತಿರ ಬಾಗಿದೆ. "ಚೀಲ ತೊಳಿಯಕ್ಕೆ ಅವಳಿಗೆ ಅಸಯ್ಯ ಕಣ್ಲಾ. ಅದಕ್ಕೇ ಬೆಂಗ್ಳೂರು ಅಂತಾವ್ಳೆ. ನಿಂಗೆ ನಾನಿಲ್ವಾ?"

ಅವನು ಗೋಡೆಯ ಕಡೆ ಮುಖ ತಿರುಗಿಸಿದ. ನೀನು ವಾಪಸು ಬಂದಾಗ, "ಇಲ್ಲೇ ಕುಯ್ಲಿ. ನಾನೆಲ್ಲೂ ಬರಾಕಿಲ್ಲ" ಎಂದ. ನೀನು ಅತ್ತು ಬೇಡಿಕೊಂಡರೂ ಕೇಳಲಿಲ್ಲ. ಯಾಕೆಂದು ನಿನಗೆ ಹೇಳಲೂ ಇಲ್ಲ.

ಆಪರೇಷನ್ ಆದ ಮೇಲೆ ನಿಮ್ಮ ಮನೆಯಲ್ಲೇ ಉಳಿದು, ಅವನು ಬದುಕಿದಷ್ಟು ಕಾಲ ಆ ಚೀಲ ಬದಲಿಸಿದ್ದು ನಾನೇ. ನೀನು ಬಿಸಿನೀರು ತಂದರೆ "ಅಲ್ಲೇ ಇಟ್ಟೋಗು" ಎನ್ನುತ್ತಿದ್ದ. ನೀನು ಬಾಗಿಲಾಚೆ ನಿಂತೇ ಇರುತ್ತಿದ್ದೆ, ನನಗದು ಗೊತ್ತಾಗುತ್ತಿತ್ತು. ಆಗ ನನಗೆ — ಹೇಗೆ ಹೇಳಲಿ — ಸಂತೋಷವಾಗುತ್ತಿತ್ತು. ಕ್ಯಾನ್ಸರ್ ಲಿವರ್‌ಗೂ ಹರಡಿ ಅವನು ಹೋದ. ಸ್ಟೆಂಟ್ ಹಾಕಿಸಿದ್ದರೂ ಹೋಗುತ್ತಿದ್ದನೇನೋ. ಆದರೆ ನಿನ್ನ ಮೇಲೆ ಮನಸ್ಸು ಮುರಿದುಕೊಂಡು ಹೋಗುತ್ತಿರಲಿಲ್ಲ.

ಮೊನ್ನೆ ಊಟಕ್ಕೆ ಕೂತಾಗ ನಿನ್ನ ಮಗಳು ನಿನ್ನ ಮೇಲೆ ರೇಗಿದಳು. "ಅಪ್ಪ ನರಳ್ತಿದ್ರೆ ನೀನು ಹತ್ರಾನೇ ಸುಳೀಲಿಲ್ಲ. ಅತ್ತೇನೇ ಎಲ್ಲಾ ಮಾಡಿದ್ದು." ನೀನು ನನ್ನ ತಟ್ಟೆಗೆ ಇನ್ನೊಂದು ಮುದ್ದೆ ಹಾಕಿದೆ. ನಾನು ತಿಂದೆ.

ಭಾನುವಾರ ಬರುತ್ತೇನೆ. ಅವಳನ್ನು ನಿನ್ನ ಪಕ್ಕ ಕೂರಿಸಿ, ಇದಿಷ್ಟನ್ನೂ ನನ್ನ ಬಾಯಿಂದಲೇ ಹೇಳುತ್ತೇನೆ. ಕ್ಷಮಿಸು ಎಂದು ಕೇಳುವುದಿಲ್ಲ. ಎದ್ದು ಹೋಗು ಎಂದರೆ ಹೋಗುತ್ತೇನೆ.