ಮಂತ್ರ, ಮನೋಶಕ್ತಿ ಮತ್ತು ನಮ್ಮ ಹಲ್ಲಿನ ಡಾಕ್ಟರು

ನಮ್ಮ ಹಲ್ಲಿನ ಡಾಕ್ಟರ ಬೆರಳುಗಳು ಗಿಡ್ಡ, ದಪ್ಪ. ಎಷ್ಟು ತೊಳೆದರೂ ಲವಂಗದೆಣ್ಣೆಯ ವಾಸನೆ ಬಿಡುತ್ತಿರಲಿಲ್ಲ. ಆ ಬೆರಳುಗಳು ಇಪ್ಪತ್ತು ಮುಖದ ದಾಳವನ್ನು ಎಸೆಯದೆ ಸುಮ್ಮನೆ ಹೊರಳಿಸುತ್ತ ಕೂತರೆ ನನಗೆ ಮೈ ಉರಿಯುತ್ತಿತ್ತು. ಮುಂದಿನ ಮಾತು ಏನೆಂದು ಗೊತ್ತಿರುತ್ತಿತ್ತಲ್ಲ.

"ಆಗು, ಆಗು" ಎನ್ನುತ್ತಿದ್ದರು.

ಅವರು ಚಿಂತಾಮಣಿಯವರು, ಮನೆಯಲ್ಲಿ ತೆಲುಗು. ತೆಲುಗಿನಲ್ಲಿ ಆಗು ಎಂದರೆ ನಿಲ್ಲು. ಕನ್ನಡದ ಕಿವಿಗೆ ಅದು ಏನೋ ಆಗಲಿ ಎಂದಂತೆ ಕೇಳಿಸುತ್ತಿತ್ತು. ಆದರೆ ಅವರು ಹಾಗೆಂದ ಮೇಲೆ ಆ ಭಾನುವಾರ ನಮ್ಮ ಆಟದಲ್ಲಿ ಏನೂ ಆಗುತ್ತಿರಲಿಲ್ಲ.

ಆಟವೆಂದರೆ ಮೇಜಿನ ಸುತ್ತ ಕೂತು ಆಡುವ ಕಥೆಯಾಟ. ಒಬ್ಬರು ಕಥೆ ನಡೆಸುತ್ತಾರೆ. ಉಳಿದವರು ಒಂದೊಂದು ಪಾತ್ರವಾಗಿ, ಈಗ ನಾನು ಇಂಥದ್ದು ಮಾಡುತ್ತೇನೆ ಎಂದು ಬಾಯಲ್ಲಿ ಹೇಳುತ್ತಾರೆ. ಅದು ಫಲಿಸಿತೋ ಇಲ್ಲವೋ ದಾಳ ತೀರ್ಮಾನಿಸುತ್ತದೆ. ಕ್ಲಿನಿಕ್ ಮುಚ್ಚಿರುವ ಭಾನುವಾರದ ಮಧ್ಯಾಹ್ನಗಳಲ್ಲಿ, ರೋಗಿಗಳು ಕಾಯುವ ಕೋಣೆಯಲ್ಲಿ ನಮ್ಮ ಆಟ. ಕಥೆ ನಡೆಸುವವರು ಡಾಕ್ಟರು. ಅವರ ಹೆಂಡತಿ ಪಕ್ಕದಲ್ಲೇ ಮೆಡಿಕಲ್ ಸ್ಟೋರ್ ನಡೆಸುತ್ತಿದ್ದರು, ಆಟದಲ್ಲಿ ಕತ್ತಿ ಹಿಡಿದ ಯೋಧ. ಶಿಡ್ಲಘಟ್ಟದಿಂದ ಬರುತ್ತಿದ್ದ ಗಣಿತದ ಮೇಡಂ ಮಂತ್ರವಾದಿ. ನಾನು ಮನೋಶಕ್ತಿಯವನು.

ನಾನು ಚಿಕ್ಕಬಳ್ಳಾಪುರದ ಒಂದು ಕಚೇರಿಯಲ್ಲಿ ಗುಮಾಸ್ತ. ಚಿಂತಾಮಣಿಯ ಅಕ್ಕನ ಮನೆಗೆ ಹೋಗಿದ್ದಾಗ ದವಡೆ ಹಲ್ಲು ನೋಯಿತೆಂದು ಡಾಕ್ಟರ ಬಳಿ ಹೋದೆ. ಬಾಯಿ ತುಂಬ ಹತ್ತಿ ತುರುಕಿ, "ಕಥೆ ಅಂದ್ರೆ ಇಷ್ಟಾನೇನಪ್ಪ?" ಎಂದು ಕೇಳಿದರು. ತಲೆಯಾಡಿಸಿದೆ. "ಹಂಗಾದ್ರೆ ಭಾನುವಾರ ಬಾ" ಎಂದರು. ನನಗೆ ಮಾತು ಉಗ್ಗುತ್ತದೆ ಎಂದು ಆ ದಿನ ಅವರಿಗೆ ಗೊತ್ತಾಗಲು ದಾರಿಯೇ ಇರಲಿಲ್ಲ.

ಮನೋಶಕ್ತಿಯ ಪಾತ್ರವನ್ನು ನಾನು ಆರಿಸಿಕೊಂಡದ್ದು ಅದಕ್ಕೇ. ಮಂತ್ರವಾದಿಗೆ ಮಂತ್ರ ಹೇಳಲು ನಾಲಿಗೆ ಬೇಕು, ಮುದ್ರೆ ಹಿಡಿಯಲು ಕೈ ಬೇಕು. ಮನೋಶಕ್ತಿಯವನು ತುಟಿ ಅಲುಗಿಸದೆ ಎದುರಿನವನ ತಲೆಯೊಳಗೆ ಹೋಗಿ ಕೂರಬಲ್ಲ. ನಾನು ಮೇಜಿನ ಮೇಲೆ ಶತ್ರುವಿನ ಬದಲಿಗೆ ಇಟ್ಟ ಗೊಂಬೆಯನ್ನು ತೋರಿಸಿ ದಾಳ ಎಸೆದರೆ ಸಾಕಾಗುತ್ತಿತ್ತು. ಇಷ್ಟು ಹಾಯಾದ ಜಾಗ ನನಗೆ ಬೇರೆಲ್ಲೂ ಸಿಕ್ಕಿರಲಿಲ್ಲ.

ಗ್ರಹಚಾರಕ್ಕೆ ಒಂದು ಭಾನುವಾರ ನಮ್ಮ ಕಥೆ ಮಂತ್ರ ನಡೆಯದ ಗವಿಯೊಂದಕ್ಕೆ ಬಂತು. ಮೇಡಂ ಅವರ ಮಂತ್ರಗಳೆಲ್ಲ ಅಲ್ಲಿ ಸತ್ತವು. ನನ್ನದು ಮಂತ್ರವಲ್ಲವಲ್ಲ, ನಡೆಯಿತು. ಇಡೀ ದಿನಕ್ಕೆಂದು ಇದ್ದ ಶಕ್ತಿಯನ್ನೆಲ್ಲ ಒಂದೇ ಕಾಳಗಕ್ಕೆ ಸುರಿದು ಗವಿಯನ್ನು ಒಬ್ಬನೇ ಗೆದ್ದೆ. ಮೇಡಂ ಚೀಲಕ್ಕೆ ದಾಳ ಹಾಕಿಕೊಂಡು ಎದ್ದರು.

"ಶಿಡ್ಲಘಟ್ಟದಿಂದ ಬಸ್ ಹತ್ತಿ ಬಂದಿದ್ದು ಇವ್ರ ಆಟ ನೋಡೋಕಾ ಡಾಕ್ಟ್ರೇ? ನನಗೆ ದಿನಕ್ಕೆ ಇಷ್ಟೇ ಮಂತ್ರ ಅಂತ ಅಳೆದು ಕೊಡ್ತೀರ. ಬಾಯಿ ಕಟ್ಟಿದ್ರೆ ನಾನು ಇಲ್ಲ, ಕೈ ಕಟ್ಟಿದ್ರೆ ನಾನು ಇಲ್ಲ. ಇವ್ರನ್ನ ಕಟ್ಟೋಕೆ ಏನಿದೆ?"

ಡಾಕ್ಟರಿಗೆ ಆ ಮಾತು ನಾಟಿತು. ಅಲ್ಲಿಂದ ಶುರುವಾಯಿತು ನಮ್ಮ ಗೋಳು. ಕಥೆಯಲ್ಲಿ ನಾವು ಒಂದು ಕೋಟೆಯ ಬಾಗಿಲ ಮುಂದೆ ನಿಂತಿದ್ದೆವು. ವಾರಗಳು ಕಳೆದು ತಿಂಗಳುಗಳಾದರೂ ಅಲ್ಲೇ ನಿಂತಿದ್ದೆವು. ಒಂದು ವಾರ, ಮಂತ್ರವನ್ನು ತಡೆಯುವುದು ಮನೋಶಕ್ತಿಯನ್ನೂ ತಡೆಯಲಿ ಎಂದರು. ಹಾಗಾದರೆ ನನ್ನ ಪಾತ್ರ ಬೇರೆ ಹೆಸರಿನ ಮಂತ್ರವಾದಿಯಷ್ಟೇ ಆಗುತ್ತದೆ ಎಂದು ಚೀಟಿಯಲ್ಲಿ ಬರೆದುಕೊಟ್ಟೆ. ಮುಂದಿನ ವಾರ, ಒಂದು ಸಲಕ್ಕೆ ಇಷ್ಟೇ ಶಕ್ತಿ ಖರ್ಚು ಮಾಡಬೇಕು ಎಂದರು. ಅದಾದ ವಾರ, ಕಥೆಯೊಳಗಿನ ಒಂದು ದಿನದಲ್ಲಿ ಒಂದೇ ಕಾಳಗವಾದರೆ ನನ್ನ ಕೈ ಮೇಲು, ಮೇಲಿಂದ ಮೇಲೆ ಕಾಳಗಗಳಾದರೆ ಮೇಡಂ ಕೈ ಮೇಲು ಎಂದು ಕಂಡುಹಿಡಿದು, ಅದನ್ನು ಪರೀಕ್ಷಿಸಲು ಕಥೆಯೇ ಇಲ್ಲದ ಕಾಳಗಗಳನ್ನು ಸಾಲಾಗಿ ಆಡಿಸಿದರು.

ಅವರ ಹೆಂಡತಿ ಒಂದು ದಿನ ತಾಳ್ಮೆಗೆಟ್ಟರು. "ನಂಗೆ ಒಂದು ಕತ್ತಿ ಕೊಟ್ಟು ಕೂರ್ಸಿದೀರ. ಅದನ್ನ ಬೀಸೋಕಾದ್ರೂ ಬಿಡ್ರೀ. ಇವರಿಬ್ರನ್ನ ತೂಗೋದ್ರಲ್ಲೇ ಸಂಜೆ ಆಯ್ತು."

"ಆಗು, ಆಗು. ಆಟದಲ್ಲಿ ಒಬ್ರು ಸುಮ್ನೆ ಕೂತಿದಾರೆ ಅಂದ್ರೆ ಅದು ಆಟ ನಡ್ಸೋನ ತಪ್ಪು" ಎಂದರು ಡಾಕ್ಟರು. ಈ ಮಾತನ್ನು ಅವರು ಎಷ್ಟು ಸಲ ಹೇಳಿದ್ದಾರೋ. ಅದನ್ನು ಹೇಳುತ್ತಲೇ ನಮ್ಮ ಮೂವರನ್ನೂ ಸುಮ್ಮನೆ ಕೂರಿಸಿರುತ್ತಿದ್ದರು.

ಕೊನೆಗೆ ಆ ನಿಯಮ ತಂದರು. ಮಂತ್ರವಾದಿಗೆ ನಾಲಿಗೆಯ ಕಟ್ಟಿದೆ, ಮನೋಶಕ್ತಿಯವನಿಗೂ ಒಂದು ಕಟ್ಟು ಬೇಕು. ಆದ್ದರಿಂದ ಅವನು ಎದುರಿನವನ ತಲೆಗೆ ಯಾವ ಯೋಚನೆ ಕಳಿಸುತ್ತಾನೋ ಅದನ್ನು ಆಡುವವನು ಮೇಜಿನ ಮುಂದೆ ಗಟ್ಟಿಯಾಗಿ, ಪೂರ್ತಿ ಹೇಳಬೇಕು. ವಾಕ್ಯ ಮುಗಿಯುವತನಕ ಶಕ್ತಿ ತಟ್ಟುವುದಿಲ್ಲ.

ನನಗೆ ಕಪಾಳಕ್ಕೆ ಹೊಡೆದಂತಾಯಿತು. "ನಾ... ನಾನು ಈ ಪಾತ್ರ ತಗೊಂಡಿದ್ದೇ ಮಾ... ಮಾತಾಡೋ ಹಂಗಿಲ್ಲ ಅಂತ."

"ಗೊತ್ತು ಕಣಪ್ಪ," ಎಂದರು, ದಾಳ ಹೊರಳಿಸುತ್ತಲೇ. "ಮೊದಲನೇ ವಾರಾನೇ ಗೊತ್ತಾಯ್ತು. ಆದ್ರೆ ನಿಯಮಕ್ಕೆ ಅದು ಲೆಕ್ಕ ಅಲ್ಲ. ನಿಂಗೆ ಎಷ್ಟು ಹೊತ್ತು ಬೇಕೋ ತಗೋ. ಶತ್ರು ಕಾಯ್ತಾನೆ."

ಎದ್ದು ಬಂದುಬಿಟ್ಟೆ. ಚಿಕ್ಕಬಳ್ಳಾಪುರ ಬರುವತನಕ ಬಸ್ಸಿನ ಕಿಟಕಿಗೆ ಮುಖ ಕೊಟ್ಟುಕೊಂಡು ಅವರನ್ನು ಬಯ್ದೆ. ಮನಸ್ಸಿನಲ್ಲಿ ಬಯ್ಯುವಾಗ ನಾನು ಉಗ್ಗುವುದಿಲ್ಲ. ಮುಂದಿನ ಭಾನುವಾರ ಹೋಗಲಿಲ್ಲ, ಅದರ ಮುಂದಿನದೂ ಹೋಗಲಿಲ್ಲ.

ಆಮೇಲೊಂದು ದಿನ ಕಚೇರಿಯಲ್ಲಿ ತಲೆಯೆತ್ತಿದರೆ ಡಾಕ್ಟರು ನನ್ನ ಮೇಜಿನ ಮುಂದೆ ನಿಂತಿದ್ದರು. ಹಿಂದೆ ಸಾಲಿನಲ್ಲಿ ಜನ. ಕ್ಷಮೆ ಕೇಳಲು ಬಂದಿರಬೇಕು ಎಂದುಕೊಂಡೆ.

"ಏಮಪ್ಪಾ, ನೀನು ಬರದೇ ಇದ್ರೆ ಆ ನಿಯಮ ಸರಿನೋ ತಪ್ಪೋ ಅಂತ ಹೆಂಗೆ ನೋಡ್ಲಿ?" ಎಂದರು. "ತಪ್ಪಿದ್ರೆ ಆಡಿ ತೋರ್ಸು. ತೆಗೆದುಹಾಕ್ತೀನಿ."

ಇಂಥ ಮನುಷ್ಯನ ಮೇಲೆ ಹೇಗೆ ಸಿಟ್ಟು ಮಾಡಿಕೊಳ್ಳಬೇಕು ಎನ್ನುವುದೇ ತಿಳಿಯದೆ ಇನ್ನಷ್ಟು ಸಿಟ್ಟು ಬಂತು. ಆ ನಿಯಮ ಎಷ್ಟು ಹಾಳು ಎಂದು ತೋರಿಸಿಯೇ ಬಿಡುತ್ತೇನೆ ಎಂದು ಆ ಭಾನುವಾರ ಹೋದೆ.

ಅದೇ ಕೋಟೆ, ಅದೇ ಬಾಗಿಲು, ಒಬ್ಬ ಕಾವಲುಗಾರ. ಅವನ ತಲೆಗೆ ನಾನು ಕಳಿಸಬೇಕೆಂದಿದ್ದ ಯೋಚನೆ ಇಷ್ಟು: ಬಾಗಿಲು ತೆಗೆ, ಹೊರಗೆ ನಿಂತಿರುವವರು ನಿನ್ನ ತಂಗಿಯ ಸುದ್ದಿ ತಂದಿದ್ದಾರೆ. ಮೊದಲನೇ ಅಕ್ಷರಕ್ಕೇ ತುಟಿ ಅಂಟಿಕೊಂಡಿತು. ಮೇಡಂ ಒಳ್ಳೆಯ ಮನಸ್ಸಿನಿಂದಲೇ "ಬಾಗಿಲು..." ಎನ್ನಲು ಬಾಯಿ ತೆರೆದರು.

"ಆಗು" ಎಂದರು ಡಾಕ್ಟರು, ಅವರತ್ತ ಕೈಯೆತ್ತಿ.

ಕಂಡಕ್ಟರು ನನ್ನ ಊರಿನ ಹೆಸರನ್ನು ತಾನೇ ಹೇಳಿ ಟಿಕೆಟ್ ಹರಿಯುತ್ತಾನೆ. ಹೋಟೆಲಿನವನು ನಾನು ಕೇಳದ ಇಡ್ಲಿಯನ್ನು ತಂದಿಡುತ್ತಾನೆ. ನಮ್ಮಮ್ಮ ಕೂಡ ಅರ್ಧ ಮಾತಿಗೇ ಉತ್ತರ ಕೊಡುತ್ತಾಳೆ, ಪ್ರೀತಿಯಿಂದ. ಅವತ್ತು ಮೂವರು ಕಾದರು. ಡಾಕ್ಟರ ಮುಖದಲ್ಲಿ ಕನಿಕರವಿರಲಿಲ್ಲ. ಆಟದಲ್ಲಿ ಎದುರಾಳಿಯ ಸರದಿ ಮುಗಿಯಲಿ ಎಂದು ಕಾಯುತ್ತಾರಲ್ಲ, ಹಾಗಿದ್ದರು. ವಾಕ್ಯ ಮುಗಿಸಿದೆ. ಬೆವರಿದ್ದೆ. ದಾಳ ಎಸೆದೆ.

ಬಿದ್ದದ್ದು ಎರಡು. ಕಾವಲುಗಾರ ಕೂಗಿಕೊಂಡ, ನಾಲ್ಕು ದಿಕ್ಕಿನಿಂದ ಸೈನಿಕರು ಬಂದರು.

"ವಾಕ್ಯ ಚೆನ್ನಾಗಿತ್ತು" ಎಂದರು ಡಾಕ್ಟರು, ಏನೂ ಆಗದವರಂತೆ. "ದಾಳ ಕೈ ಕೊಡ್ತು." ಅವರ ಹೆಂಡತಿ "ಅಬ್ಬಾ, ಅಂತೂ!" ಎಂದು ಕತ್ತಿ ಬೀಸಿದರು.

ನಿಯಮ ಉಳಿಯಿತು. ನಾನು ವಾರವಾರವೂ ಅದರ ಮೇಲೆ ಜಗಳವಾಡಿದೆ. ಅವರು ಅದನ್ನು ಹಿಂದಕ್ಕೆ ಪಡೆಯಲೂ ಇಲ್ಲ, ಸರಿ ಎಂದು ಗಟ್ಟಿಮಾಡಲೂ ಇಲ್ಲ. ಕಳೆದ ವರ್ಷ ಒಂದು ಬುಧವಾರ ಫೋನ್ ಮಾಡಿ, "ಸಿಕ್ತು ಕಣಪ್ಪ, ಎರಡೂ ಸಮ ಆಗೋ ದಾರಿ. ಭಾನುವಾರ ಹೇಳ್ತೀನಿ" ಎಂದರು. ಈಗಲೇ ಹೇಳಿ ಎಂದರೆ ಕೇಳಲಿಲ್ಲ. ಶನಿವಾರ ಬೆಳಿಗ್ಗೆ ರೋಗಿಯೊಬ್ಬರ ಹಲ್ಲು ನೋಡುತ್ತಿದ್ದವರು ಎದೆ ಹಿಡಿದುಕೊಂಡು ಕೂತರಂತೆ. ಕೋಲಾರಕ್ಕೆ ಕರೆದೊಯ್ಯುವಾಗ ದಾರಿಯಲ್ಲೇ ಹೋದರು.

ಸಾವಿನ ಮನೆಯಲ್ಲಿ ಎಲ್ಲರೂ ಅಳುತ್ತಿದ್ದರು. ನನಗೆ ಬಂದದ್ದು ಸಿಟ್ಟು. ಒಂದು ಕಥೆಯನ್ನೂ ಮುಗಿಸದ ಮನುಷ್ಯ, ಆ ದಾರಿಯನ್ನೂ ಹೇಳದೆ ಹೋದರಲ್ಲ.

ಎರಡು ತಿಂಗಳ ನಂತರ ಅವರ ಹೆಂಡತಿ ಫೋನ್ ಮಾಡಿ, "ಭಾನುವಾರ ಮನೇಲಿ ಕೂರಕ್ಕಾಗಲ್ಲ, ಬನ್ನಿ" ಎಂದರು. ನಾನು, ಮೇಡಂ ಹೋದೆವು. ಆಟ ನಡೆಸುವವರಿಲ್ಲ, ಕಾಫಿ ಕುಡಿದೆವು. ಮಾತಿಗೆ ಮಾತು ಬಂದು ಮೇಡಂ, "ಏನೇ ಹೇಳಿ, ಈಗ್ಲೂ ನಿಮ್ಮ ಮನೋಶಕ್ತಿದೇ ಕೈ ಮೇಲು" ಎಂದರು.

ಅಲ್ಲ ಎಂದೆ. ಯಾಕೆ ಅಲ್ಲ ಎಂದು ಹೇಳತೊಡಗಿದೆ. ಗವಿಯ ದಿನದಿಂದ ಹಿಡಿದು ಒಂದೊಂದಾಗಿ ವಾದ ಇಟ್ಟೆ. ಜೀವನದಲ್ಲಿ ಒಮ್ಮೆಲೇ ಅಷ್ಟು ಮಾತಾಡಿದ್ದಿಲ್ಲ. ನಡುವೆ ಎಷ್ಟೋ ಕಡೆ ಸಿಕ್ಕಿಕೊಂಡೆ. ಸಿಕ್ಕಿಕೊಂಡಾಗಲೆಲ್ಲ ಅವರಿಬ್ಬರೂ ಲೋಟ ಹಿಡಿದು ಕಾದರು. ಯಾರೂ ನನ್ನ ಮಾತನ್ನು ಮುಗಿಸಿಕೊಡಲಿಲ್ಲ.

ಕೊನೆಯ ವಾಕ್ಯ ಮುಗಿದ ಮೇಲೆ ಮೇಡಂ ಲೋಟ ಕೆಳಗಿಟ್ಟು, "ನೀವು ಹೇಳಿದ್ದು ಪೂರ್ತಿ ತಪ್ಪು" ಎಂದರು.