ಬದಾಮಿನೊಳಗಿನ ಕರ್ನಲ್

ಬೆಳಿಗ್ಗೆ ಹಾಲು ಕಾಯಿಸಿ, ರೊಟ್ಟಿ ಬಡಿದು, ಯಜಮಾನರಿಗೆ ಡಬ್ಬಿ ಕಟ್ಟಿ ಬಾಲಾನಗರದ ಕಾರ್ಖಾನೆಗೆ ಕಳಿಸಿ, ಕಂಪ್ಯೂಟರ್ ಹಚ್ಚಿದೆ. ಪರದೆಯ ಮೇಲಿನ ಅಕ್ಷರಗಳೆಲ್ಲ ಊದಿಕೊಂಡಿದ್ದವು. ತಪ್ಪು ನನ್ನದೇ ಇರಬೇಕು. ಹಿಂದಿನ ದಿನ ಅದು ‘ಅಪ್‌ಡೇಟ್ ಮಾಡಲೇ?’ ಎಂದು ಕೇಳಿತ್ತು. ನಾನು ಕಾನ್ವೆಂಟಿನಲ್ಲಿ ಓದಿದವಳು. ಯಾರಾದರೂ ವಿನಯದಿಂದ ಕೇಳಿದರೆ ಬೇಡವೆನ್ನಲು ಬಾರದು.

ಅಂದು ಶನಿವಾರ, ನಾಲ್ಕು ಗಂಟೆಗೆ ನನ್ನ ಮೊದಲ ಕಸೂತಿ ಪಾಠ. ನಮ್ಮ ಮಿಯಾಪುರದ ಅಪಾರ್ಟ್‌ಮೆಂಟಿನ ಆರು ಹೆಂಗಸರು ತಮ್ಮ ತಮ್ಮ ಮನೆಯಲ್ಲೇ ಕುಳಿತು ನನ್ನ ಪರದೆಯನ್ನು ಮೊಬೈಲಿನಲ್ಲಿ ನೋಡುತ್ತ ಹೊಲಿಯುವವರು, ಹಿಡಿಸಿದರೆ ಮಾತ್ರ ಮುಂದುವರಿಯುವವರು. ಕಸೂತಿಯೆಂದರೆ ಬಟ್ಟೆಯ ಎಳೆ ಎಣಿಸುವ ಕೆಲಸ. ಒಂದೆಳೆಗೆ ಒಂದು ಮನೆಯಂತೆ ಚೌಕುಳಿ ಹಾಕಿ ಪರದೆಯ ಮೇಲೆ ಗೋಪುರ ಬರೆದಿಟ್ಟಿದ್ದೆ. ಈಗ ಮನೆಗಳೆಲ್ಲ ಕಲೆಸಿಹೋಗಿ ಗೋಪುರ ಉಪ್ಪಿಟ್ಟಾಗಿತ್ತು.

ನನ್ನ ಕಂಪ್ಯೂಟರಿಗೆ ಈ ಲಿನಕ್ಸ್ ಹಾಕಿಕೊಟ್ಟವರು ಯಜಮಾನರೇ. ಫೋನ್ ಮಾಡಿದೆ.

“ಹೊಸಾ ಕರ್ನಲ್ ಬಂದೈತಿ, ಹಳೇ ಡ್ರೈವರ್ ಅದಕ್ಕ ಹೊಂದವಲ್ದು. ಚಾಲೂ ಆಗೂ ಮುಂದ ಹಳೇ ಕರ್ನಲ್ ಆರಿಸ್ಕೋ,” ಎಂದರು.

ನನ್ನ ಕಣ್ಣ ಮುಂದೆ ಮೀಸೆ ತಿರುವಿದ ಮಿಲಿಟರಿ ಅಧಿಕಾರಿ, ಜೀಪಿನ ಪಕ್ಕ ಮುನಿಸಿಕೊಂಡು ನಿಂತ ಡ್ರೈವರ್. ಆಮೇಲೆ ನೆನಪಾಯಿತು, ಉಚ್ಚಾರ ಒಂದೇ ಇರುವ ಎರಡು ಕರ್ನಲ್‌ಗಳ ಸ್ಪೆಲ್ಲಿಂಗನ್ನು ಸಿಸ್ಟರ್ ನಮ್ಮಿಂದ ಹತ್ತತ್ತು ಸಲ ಬರೆಸಿದ್ದರು.

“ಯಾವ ಕರ್ನಲ್ ರೀ, ಮಿಲಿಟ್ರಿದೋ, ಬದಾಮಿನ ಒಳಗಿಂದೋ?”

“ಬದಾಮಿಂದು,” ಎಂದು ಫೋನಿಟ್ಟರು.

ಮೊಬೈಲಿನಲ್ಲಿ ಓದುತ್ತ ಕುಳಿತೆ. ಚಿತ್ರ ಮೂಡಿಸುವ ಈ ಡ್ರೈವರ್ ಒಬ್ಬನಲ್ಲವಂತೆ, ಇಬ್ಬರು. ಒಬ್ಬ ಇಡೀ ವ್ಯವಸ್ಥೆಯ ತಿರುಳಾದ ಕರ್ನಲ್ಲಿನ ಒಳಗೆ ಕೂತು ಯಂತ್ರದೊಡನೆ ವ್ಯವಹರಿಸುತ್ತಾನೆ. ಇನ್ನೊಬ್ಬ ಹೊರಗಿದ್ದು ನಾವು ತೆರೆದ ಪ್ರೋಗ್ರಾಮುಗಳ ಬೇಡಿಕೆ ಕೇಳಿಸಿಕೊಳ್ಳುತ್ತಾನೆ. ಇಬ್ಬರಿಗೂ ತಾಳೆಯಾಗಬೇಕು. ಇದು ನಮ್ಮ ಗಾವಂತಿ ಹೊಲಿಗೆಯೇ ಅಲ್ಲವೇ ಅನ್ನಿಸಿತು: ಸೂಜಿ ಹೋಗುವಾಗ ಬಿಟ್ಟ ಜಾಗವನ್ನು ಬರುವಾಗ ತುಂಬಬೇಕು, ಒಳಗೂ ಹೊರಗೂ ಒಂದೇ ಚಿತ್ತಾರ. ಅರ್ಥವಾಯಿತೆಂದು ಹಿಗ್ಗುವಷ್ಟರಲ್ಲಿ, ಎಲ್ಲ ಕಿಟಕಿಗಳನ್ನೂ ಜೋಡಿಸಿ ಪರದೆಗೆ ಒಪ್ಪಿಸುವ ಮೂರನೆಯವನೊಬ್ಬ ಬಂದ. ಬಟ್ಟೆಗೆ ಮೂರನೆಯ ಮಗ್ಗುಲು ಎಲ್ಲಿಂದ ತರಲಿ? ಓದುವುದನ್ನೇ ಬಿಟ್ಟೆ.

ಮೂರೂಮುಕ್ಕಾಲಿಗೆ ಕಂಪ್ಯೂಟರನ್ನು ಆರಿಸಿ ಮತ್ತೆ ಹಚ್ಚಿ, ಮೊದಲು ಬಂದ ಪಟ್ಟಿಯಲ್ಲಿ ಹಳೇ ಕರ್ನಲ್ಲಿನ ಮೇಲೆ ನಿಂತು, ಕಣ್ಣು ಮುಚ್ಚಿ ಗುಂಡಿ ಒತ್ತಿದೆ. ಗೋಪುರ ಎಳೆ ಎಳೆಯಾಗಿ ನಿಂತಿತ್ತು. ಹೇಗೆ ಎಂದು ಕೇಳಿದರೆ ಈಗಲೂ ತಡವರಿಸುತ್ತೇನೆ. ಪಾಠ ಮುಗಿಯಿತು. ಆರೂ ಜನ ಚೆನ್ನಾಗಿತ್ತೆಂದರು. ಮುಂದೆಯೂ ಬರುತ್ತೇವೆಂದು ಒಬ್ಬರೂ ಅನ್ನಲಿಲ್ಲ.

ಸಂಜೆ, ಆ ಆರು ಜನರಲ್ಲಿ ಒಬ್ಬರಾದ ಪಕ್ಕದ ಮನೆಯ ಶಾಂತಕ್ಕ ಹೆಪ್ಪಿಗೆ ಮೊಸರು ಕೇಳಿಕೊಂಡು ಬಂದರು. ಬಟ್ಟಲು ಹಿಡಿದು ಹೊರಟವರು, ಚಪ್ಪಲಿ ಮೆಟ್ಟುತ್ತ ಅಂದರು:

“ಪರದಿ ಭಾಳ ಸ್ವಚ್ಛ ಇತ್ತ್ ನೋಡ್ರಿ. ಮೂರನೇ ಸಾಲಿನ್ಯಾಗ ನೀವು ಒಂದ್ ಎಳಿ ತಪ್ಪಿಸಿದ್ದೂ ಕಾಣ್ತು. ನಾವೂ ಹಂಗ ಹೊಲ್ದೀವಿ. ಬರೋ ಶನಿವಾರ ಆ ಹೊಲಿಗಿ ಬಿಚ್ಚೋದು ಕಲಿಸ್ರಿ.”