ಜ್ಯೋತಿಲಕ್ಷ್ಮಕ್ಕನ ರಾಗಿತೆನೆ ಅಂಚು

ದೊಡ್ಡಬಳ್ಳಾಪುರದಲ್ಲಿ ಕರೆಂಟು ಹೋದಾಗ ಮೊದಲು ಗೊತ್ತಾಗುವುದು ಕತ್ತಲೆಯಲ್ಲ, ನಮ್ಮ ಗಂಟಲು. ಬೀದಿಯ ಕರೆಂಟು ಮಗ್ಗಗಳ ಸದ್ದೆಲ್ಲ ಒಮ್ಮೆಗೇ ನಿಂತುಬಿಡುತ್ತದೆ. ಅಲ್ಲಿಯವರೆಗೆ ಮಾತಾಡುತ್ತಿದ್ದೇವೆ ಅಂದುಕೊಂಡವರೆಲ್ಲ ಕಿರುಚುತ್ತಿದ್ದದ್ದು ಬಯಲಾಗುತ್ತದೆ. ತೊಂಬತ್ತೊಂಬತ್ತನೇ ಇಸವಿಯ ಆ ಭಾನುವಾರ ಮಧ್ಯಾಹ್ನ ಹಾಗೆ ಸಿಕ್ಕಿಬಿದ್ದವನು ನಾನು. "ಏನೂ ಆಗಲ್ಲ ಅಕ್ಕ, ನಾನಿದೀನಲ್ಲ!" ಎಂಬ ನನ್ನ ಕೂಗು ಮೂರು ಮನೆ ದಾಟಿ ಹೋಗಿ ಕೇಳಿಸಿತು.

ನಾನು ಬೈರೇಶ. ಇಲ್ಲೇ ಹತ್ತಿರದ ಮಧುರೆ ಎಂಬ ಹಳ್ಳಿಯವನು. ಊರ ಹೊರಗಿನ ಕಾರ್ಖಾನೆಯೊಂದರ ಸ್ಟೋರ್ಸಿನಲ್ಲಿ ನಟ್ಟು ಬೋಲ್ಟು ಎಣಿಸುವುದು ನನ್ನ ಕೆಲಸ. ಬಸ್‌ಸ್ಟ್ಯಾಂಡಿನ ಎದುರು ಆರು ತಿಂಗಳ ಕಂಪ್ಯೂಟರ್ ಕೋರ್ಸು ಮಾಡಿ ಸರ್ಟಿಫಿಕೇಟನ್ನು ಲ್ಯಾಮಿನೇಟ್ ಮಾಡಿಸಿಕೊಂಡಿದ್ದೆ. ಆದ್ದರಿಂದ ಜಗತ್ತು ಬದಲಾಯಿಸುವ ಹಕ್ಕು ನನಗಿತ್ತು. ಬಾಡಿಗೆಗಿದ್ದದ್ದು ಜ್ಯೋತಿಲಕ್ಷ್ಮಕ್ಕನ ಮನೆಯ ಹಿಂದಿನ ಕೋಣೆಯಲ್ಲಿ.

ಅಕ್ಕನ ಕಸುಬು ಕಾರ್ಡು ಹೊಡೆಯುವುದು. ಸೀರೆಯ ಅಂಚಿನಲ್ಲಿ ಹೂವೋ ನವಿಲೋ ಬರಬೇಕಾದರೆ ಮಗ್ಗದ ಮೇಲೆ ರಟ್ಟಿನ ಕಾರ್ಡುಗಳ ಮಾಲೆ ಜೋತಾಡಬೇಕು. ಕಾರ್ಡಿನಲ್ಲಿ ತೂತಿರುವ ಕಡೆ ಎಳೆ ಮೇಲೇಳುತ್ತದೆ, ಇಲ್ಲದ ಕಡೆ ಏಳುವುದಿಲ್ಲ. ಚಿತ್ರದ ಒಂದು ಸಾಲಿಗೆ ಒಂದು ಕಾರ್ಡು. ಅಕ್ಕನ ಅಪ್ಪ ಪಿಳ್ಳಣ್ಣನವರೂ ಅದನ್ನೇ ಮಾಡುತ್ತಿದ್ದರು. ಅವರ ಕಣ್ಣು ಮಂಜಾದಾಗ, ಹತ್ತು ವರ್ಷದ ಈಕೆ ಚಿತ್ರ ಬಿಡಿಸಿದ ಚೌಕದ ಕಾಗದ ಹಿಡಿದು ಓದಿ ಹೇಳತೊಡಗಿದಳು: "ಮೂರು ಹೊಡಿ, ಎರಡು ಬಿಡು, ಒಂದು ಹೊಡಿ, ಏಳು ಬಿಡು." ಅಪ್ಪ ಕೇಳಿಸಿಕೊಂಡು ಸುತ್ತಿಗೆ ಬಡಿಯುತ್ತಿದ್ದರು. ಶಾಲೆಯಲ್ಲಿ ಮಗ್ಗಿ ಹೇಳಲು ನಿಲ್ಲಿಸಿದರೂ ಇದೇ ಬಾಯಿಗೆ ಬರುತ್ತಿತ್ತಂತೆ.

ಇಪ್ಪತ್ತೈದು ವರ್ಷ ಅಕ್ಕ ಹೊಡೆದದ್ದೆಲ್ಲ ಬೇರೆಯವರ ಚಿತ್ರ. ಬೆಂಗಳೂರಿನಿಂದ ಮಾವಿನಕಾಯಿ ಬರುತ್ತಿತ್ತು, ಹೊಡೆಯುತ್ತಿದ್ದಳು. ನವಿಲು ಬರುತ್ತಿತ್ತು, ಹೊಡೆಯುತ್ತಿದ್ದಳು. ಒಮ್ಮೆ ನವಿಲಿಗೆ ಕಾಲೇ ಇರಲಿಲ್ಲ. ಕಾಲು ಸೇರಿಸಿ ಹೊಡೆದಳು, ಯಾರೂ ಗಮನಿಸಲಿಲ್ಲ.

ಗಂಡ ಉಮಾಶಂಕರಣ್ಣ ಬೆಂಗಳೂರಿನ ಆಫೀಸೊಂದರಲ್ಲಿ ಅಟೆಂಡರು. ಅಲ್ಲಿ ಬಿಸಾಡಲಿದ್ದ ಕಂಪ್ಯೂಟರನ್ನು ಕೇಳಿ ಪಡೆದು, ಅದರ ಟಿ.ವಿ.ಯಂಥ ಭಾಗವನ್ನು ರೈಲಿನಲ್ಲಿ ಮಗುವಿನಂತೆ ತೊಡೆಯ ಮೇಲೆ ಕೂರಿಸಿಕೊಂಡು ತಂದರು. ಅದರಲ್ಲಿ ಚಿತ್ರ ಬಿಡಿಸುವುದನ್ನು ಅಕ್ಕನಿಗೆ ಕಲಿಸಿದವನು ನಾನೇ. ಒಂದೊಂದು ಚೌಕವನ್ನೂ ಒತ್ತಿ ತುಂಬುವುದನ್ನು ಒಂದೇ ವಾರದಲ್ಲಿ ಕಲಿತಳು. ನಾಲ್ಕು ತಿಂಗಳು ಕೂತು ತನ್ನದೇ ಒಂದು ಅಂಚು ಬಿಡಿಸಿದಳು: ರಾಗಿತೆನೆ. ಅರೆಮುಚ್ಚಿದ ಮುಷ್ಟಿಯಂತೆ ಒಳಕ್ಕೆ ಬಾಗಿದ ಐದು ಬೆರಳು, ಬೆರಳ ತುಂಬ ಕಾಳು. ಒಂದು ಸಾಲಿಗೆ ಅರವತ್ತು ಚೌಕ, ಒಟ್ಟು ನೂರನಲವತ್ತನಾಲ್ಕು ಸಾಲು.

ಎಂಟು ಮಗ್ಗದ ಯಜಮಾನರಾದ ವೆಂಕಟರಾಮಪ್ಪನವರು ಅದನ್ನು ನೋಡಿ ಗಡ್ಡ ತುರಿಸಿಕೊಂಡಿದ್ದರು. "ಬರೋ ವಾರ ಬುಧವಾರಕ್ಕೆ ಒಂದು ಮಗ್ಗ ಖಾಲಿ ಆಗ್ತೈತೆ. ಅಷ್ಟೊತ್ತಿಗೆ ಕಾರ್ಡು ತಂದ್ರೆ ಏರಿಸ್ತೀನಿ. ಇಲ್ಲಾಂದ್ರೆ ಬೆಂಗಳೂರಿಂದ ಮಾವಿನಕಾಯಿ ಬಂದೈತೆ, ಅದೇ."

ಕಂಪ್ಯೂಟರು ಮಾತ್ರ, ಸಾಲು ನೋಡಿ ಕಾರ್ಡು ಹೊಡೆಯಲೂ ಬಿಡದೆ, ಗಂಟೆಗೊಮ್ಮೆ ಹೆಪ್ಪುಗಟ್ಟಿ ನಿಲ್ಲುತ್ತಿತ್ತು. ಒಳಗಿದ್ದ ಸಿಸ್ಟಂ ಯಾರೋ ಯಾರದೋ ಕಾಪಿಯ ಕಾಪಿ ಮಾಡಿ ಹಾಕಿದ್ದು. ಅಂಥ ಹೊತ್ತಿನಲ್ಲಿ ನನ್ನ ಕೈಗೆ ಬೆಂಗಳೂರಿನಲ್ಲಿ ಒಂದು ಪತ್ರಿಕೆ ಸಿಕ್ಕಿತು, ಅದರೊಳಗೆ ಪುಕ್ಕಟೆ ಸಿ.ಡಿ. ಹಳೆಯ ಸಿಸ್ಟಂ ಬದಲಿಗೆ ಹಾಕಬಹುದಾದ ಲಿನಕ್ಸ್! ಆ ವಾರವಿಡೀ ನಾನು ಸರಿಯಾಗಿ ನಿದ್ದೆ ಮಾಡಲಿಲ್ಲ. ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ ಹಳೆಯ ಸಿ.ಡಿ. ಡ್ರೈವ್ ತಂದು ನಾನೇ ಕೂರಿಸಿದೆ. ನಂತರ ಉಳಿದ ಎರಡು ಸ್ಕ್ರೂಗಳನ್ನು ಜೇಬಿಗೆ ಹಾಕಿಕೊಂಡೆ.

"ಇದು ಸ್ವತಂತ್ರ ಅಕ್ಕ. ಯಾರಪ್ಪನ ಸೊತ್ತೂ ಅಲ್ಲ. ಒಳಗೆ ಹೆಂಗೆ ಮಾಡಿದಾರೆ ಅನ್ನೋದನ್ನೂ ಬರೆದು ಜೊತೆಗೇ ಕೊಡ್ತಾರೆ."

"ಅದನ್ನಿಟ್ಕೊಂಡು ಏನ್ ಮಾಡೋದು?"

"ಓದ್ಬೋದು."

"ನೀನು ಓದಿದ್ಯಾ?"

"ಇನ್ನೂ ಇಲ್ಲ."

ಒಳಗಿನಿಂದ ಅಕ್ಕನ ಅತ್ತೆ ಆದಿಲಕ್ಷ್ಮಮ್ಮ, "ಪುಕ್ಸಟ್ಟೆ ಕೊಡೋರು ಯಾಕ್ ಕೊಡ್ತಾರೆ ಅಂತ ಕೇಳೇ," ಎಂದರು. ಅಕ್ಕ ಅತ್ತ ಕಿವಿಗೊಡಲಿಲ್ಲ. "ಮಗ್ಗದ ಜೊತೆ ಕಾರ್ಡೂ ಕೊಟ್ಟಂಗಾಯ್ತು ಅನ್ನು. ಒಳ್ಳೇದೇ ಅಲ್ವಾ?" ಎಂದಳು.

ಭಾನುವಾರ ಮಧ್ಯಾಹ್ನ ಶುರು ಮಾಡಿದೆವು. ಪರದೆ ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳುತ್ತಿತ್ತು, ನಾನು ಯಜಮಾನನಂತೆ ಉತ್ತರ ಒತ್ತುತ್ತಿದ್ದೆ. ಒಂದು ಕಡೆ ಅಕ್ಕ ತಡೆದಳು.

"ಇದೇನ್ ಕೇಳ್ತಾ ಐತೆ, ಇಷ್ಟುದ್ದ?"

"ಹಳೇದನ್ನ ಪೂರ್ತಿ ತೆಗೀಲಾ ಅಂತ."

ಅಕ್ಕ ಯೋಚಿಸಿದಳು. "ಹಳೇ ಮಗ್ಗ ಕಿತ್ರೆ ಕಾರ್ಡಿಗೇನೂ ಆಗಲ್ಲ ಅಲ್ವಾ?"

"ಮಗ್ಗ ಬೇರೆ, ಕಾರ್ಡು ಬೇರೆ ಅಕ್ಕ. ಮಗ್ಗ ಬಿಚ್ಚಿ ಗುಜರಿಗೆ ಹಾಕಿದ್ರೂ ಕಾರ್ಡಿನ ಮಾಲೆ ಗೋಡೆ ಮೇಲೆ ಇರಲ್ವಾ?"

ಬೀದಿಯ ಯಾವ ನೇಕಾರನನ್ನು ಕೇಳಿದ್ದರೂ ಅದನ್ನೇ ಹೇಳುತ್ತಿದ್ದ. ನಾನು ನೇಕಾರನೂ ಅಲ್ಲ, ರಾಗಿ ಬೆಳೆಯುವವನ ಮಗ; ಆ ಊರಿನ ನೀರು ನಾಲ್ಕು ವರ್ಷ ಕುಡಿದದ್ದಕ್ಕೆ ಆ ಬುದ್ಧಿ ಬಂದಿತ್ತು. ಹೂಂ ಎಂದು ಒತ್ತಿದೆ. ಪೆಟ್ಟಿಗೆ ಗರಗರ ಎಂದಿತು. ಅರ್ಧ ಗಂಟೆಯಲ್ಲಿ ಕರೆಂಟು ಹೋಯಿತು. ಆ ಹೊತ್ತಿಗೆ ನಾನು ಕೂಗುತ್ತಿದ್ದದ್ದೇ ಮೊದಲು ಹೇಳಿದ ಆ ಕೂಗು.

ಕರೆಂಟು ಬರುವವರೆಗೆ ಟೀ ಕುಡಿಯೋಣವೆಂದು ಬಸ್‌ಸ್ಟ್ಯಾಂಡಿಗೆ ಹೋದೆ. ಜೇಬಿನಲ್ಲಿ ಸಿ.ಡಿ.ಯ ಜೊತೆ ಬಂದಿದ್ದ ಚೀಟಿಯಿತ್ತು. ಲ್ಯಾಮಿನೇಟೆಡ್ ಮನುಷ್ಯ ಚೀಟಿ ಓದುವುದು ಕೆಲಸ ಮುಗಿದ ಮೇಲೆ. ಅದರ ನಾಲ್ಕನೇ ಸಾಲಿನಲ್ಲಿ ದಪ್ಪ ಅಕ್ಷರದಲ್ಲಿತ್ತು: ಡಿಸ್ಕಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಮೊದಲೇ ಬೇರೆಡೆ ತೆಗೆದಿಟ್ಟುಕೊಳ್ಳಿ.

ಎಲ್ಲ ಅಂದರೆ ಎಲ್ಲ. ಆ ಪೆಟ್ಟಿಗೆಯಲ್ಲಿ ಮಗ್ಗವೂ ಕಾರ್ಡೂ ಒಂದೇ ತಟ್ಟೆಯ ಮೇಲಿದ್ದವು.

ಟೀ ಅಲ್ಲೇ ಬಿಟ್ಟೆ. ಮನೆಯ ತಿರುವಿನವರೆಗೆ ಬಂದೆ, ಬಾಗಿಲಲ್ಲಿ ಅಕ್ಕ ಕಂಡಳು, ವಾಪಸು ಹೋದೆ. ಫ್ಲಾಪಿಯಲ್ಲಿ ಒಂದು ಪ್ರತಿ ಇದ್ದರೆ? ಇರಲಿಲ್ಲ, ಫ್ಲಾಪಿ ಹಾಕುವ ಸೀಳಿನಲ್ಲಿ ನೂಲಿನ ಧೂಳು ತುಂಬಿ ಅದು ಕೆಟ್ಟು ಎಷ್ಟೋ ದಿನವಾಗಿತ್ತು. ಕಾಗದದ ಮೇಲೆ? "ಕಾಗದ ಯಾಕಕ್ಕ ಈ ಕಾಲದಲ್ಲಿ?" ಎಂದು ಹೇಳಿಕೊಟ್ಟವನೂ ನಾನೇ. ಮೊದಲು ಬಿಡಿಸಿದ್ದ ಹಾಳೆಗಳಿಂದ ಆದಿಲಕ್ಷ್ಮಮ್ಮ ಹಂಡೆ ಒಲೆ ಹೊತ್ತಿಸಿ ಮುಗಿದಿತ್ತು. ಆ ನೀರಿನಲ್ಲಿ ನಾನೂ ಸ್ನಾನ ಮಾಡಿದ್ದೆ. ಬಸ್‌ಸ್ಟ್ಯಾಂಡಿಗೂ ಮನೆಗೂ ನಡುವೆ ಐದು ಸಲ ಓಡಾಡಿದೆ. ಮಧುರೆಯ ಬಸ್ಸು ಹೊರಡಲು ನಿಂತಿತ್ತು. ಫುಟ್‌ಬೋರ್ಡಿನ ಮೇಲೆ ಒಂದು ಕಾಲಿಟ್ಟೆ. ಕಂಡಕ್ಟರು, "ಹತ್ತೋದಾದ್ರೆ ಹತ್ತು ಗುರು, ಯಾಕಂಗ್ ಒದ್ದಾಡ್ತೀಯ?" ಎಂದ. ಇಳಿದೆ.

ಕರೆಂಟು ಬಂತು, ಬೀದಿ ಮತ್ತೆ ಗದ್ದಲವಾಯಿತು. ಅಳಿಸಿದ್ದು ಅಳಿಸಿಯಾಗಿತ್ತು; ಬಾಯಿಬಿಡದೆ ಮೊದಲಿನಿಂದ ಮತ್ತೆ ಶುರು ಮಾಡಿದೆ. ಸಂಜೆ ನಾಲ್ಕಕ್ಕೆ ಕೆಲಸ ಮುಗಿದಾಗ ಬಣ್ಣವೂ ಇಲ್ಲ, ಚಿತ್ರವೂ ಇಲ್ಲ. ಕಪ್ಪು ಪರದೆಯ ಮೂಲೆಯಲ್ಲಿ ಒಂದು ಗೀಟು ಮಿನುಗುತ್ತಿತ್ತು.

"ಎಲ್ಲಿ, ನನ್ ತೆನೆ ತೆಗಿ," ಎಂದಳು ಅಕ್ಕ.

ಹೇಳಿದೆ. ಮಗ್ಗದ ಸದ್ದಿನಲ್ಲಿ ಕೇಳಿಸಲಿಲ್ಲವೆಂದು ಎರಡನೇ ಸಲ ಕೂಗಿ ಹೇಳಬೇಕಾಯಿತು. ತಪ್ಪೊಪ್ಪಿಗೆಯನ್ನು ಕಿರುಚಿ ಹೇಳುವ ಕಷ್ಟ ಶತ್ರುವಿಗೂ ಬೇಡ.

ಅಕ್ಕ ಬೈಯಲಿಲ್ಲ. ಕಾರ್ಡು ಹೊಡೆಯುವ ಸುತ್ತಿಗೆಯನ್ನು ಕೈಗೆತ್ತಿಕೊಂಡಳು. ನಾನು ಹಿಂದೆ ಸರಿದೆ. ಅದನ್ನು ಒಮ್ಮೆ ತಿರುಗಿಸಿ ನೋಡಿ ಕೆಳಗಿಟ್ಟಳು. "ನಾಲ್ಕು ತಿಂಗ್ಳು ಕಣೋ," ಎಂದಳು, ಅಷ್ಟೇ. ಒಳಗೆ ಹೋಗಿ ಮುಖ ತೊಳೆದುಕೊಂಡು ಬಂದಳು. ಸೆರಗಿನಿಂದ ಒರೆಸಿಕೊಳ್ಳುತ್ತಾ ಪರದೆಯ ಗೀಟನ್ನೇ ನೋಡುತ್ತ ನಿಂತಳು.

"ಇದ್ರಲ್ಲಿ ಏನೇನ್ ಬರ್ತೈತೆ?"

"ಬರೀ ಅಕ್ಷರ ಅಕ್ಕ. ಚಿತ್ರ ಬರೋಕೆ ಇನ್ನೂ ಏನೇನೋ ಹಾಕ್ಬೇಕು, ನಂಗೆ ಗೊತ್ತಿಲ್ಲ." ನನ್ನ ಜೀವನದಲ್ಲಿ ಆ ಎರಡು ಶಬ್ದ ಸೇರಿಸಿ ಹೇಳಿದ್ದು ಅದೇ ಮೊದಲು.

"ಚುಕ್ಕೆ ಬರ್ತೈತಾ?"

"ಬರ್ತೈತೆ."

"ಗುಣಿಸೋ ಗುರುತು?"

"ಎಕ್ಸು. ಬರ್ತೈತೆ."

"ತೂತಿಗೆ ಎಕ್ಸು, ಬಿಟ್ಟಿದ್ದಕ್ಕೆ ಚುಕ್ಕೆ. ಕೂತ್ಕೋ. ಹೇಳ್ತೀನಿ, ಒತ್ತು."

ಗೋಡೆಗೆ ಒರಗಿ ಕಣ್ಣು ಮುಚ್ಚಿದಳು. "ಇಪ್ಪತ್ತೆಂಟು ಬಿಡು, ಮೂರು ಹೊಡಿ, ಇಪ್ಪತ್ತೊಂಬತ್ತು ಬಿಡು. ಆಯ್ತಾ? ಎರಡ್ನೇ ಕಾರ್ಡು." ಬಿಡಿಸುವಾಗಲೂ ಆಕೆ ತೆನೆಯನ್ನು ಕಣ್ಣಿನಿಂದ ನೋಡಿಯೇ ಇರಲಿಲ್ಲವೇನೋ, ಒಳಗೊಳಗೇ ಅಪ್ಪನಿಗೆ ಓದಿ ಹೇಳುತ್ತಾ ಬಿಡಿಸಿದ್ದಳು. ನಡುವೆ ತಪ್ಪಿದರೆ ತಾನೇ ನಿಲ್ಲಿಸಿ, ಹಿಂದಿನ ಮೂರು ಸಾಲು ಹೇಳಿಸಿಕೊಂಡು, "ಹಾಂ, ಇಲ್ಲಿ ಬಾಗ್ಬೇಕು," ಎಂದು ಮುಂದುವರಿಸುತ್ತಿದ್ದಳು. ಕೆಲವು ಸಾಲು ನೆನಪಾಗಲೇ ಇಲ್ಲ. ಆದಿಲಕ್ಷ್ಮಮ್ಮ ಎದ್ದು ಹೋಗಿ ಅಟ್ಟದಿಂದ ನಿಜವಾದ ಒಂದು ತೆನೆ ತಂದು ಎದುರಿಗಿಟ್ಟರು. "ನೋಡ್ಕೊಂಡು ಹೇಳೇ. ಇವ್ನಿಗೂ ತೋರ್ಸು, ರಾಗಿ ಅಂದ್ರೆ ಏನೂಂತ."

ಸೋಮವಾರ, ಮಂಗಳವಾರ ಕಾರ್ಖಾನೆಗೆ ಜ್ವರವೆಂದು ಹೇಳಿ ಕಳಿಸಿದೆ. ಅದು ಪೂರ್ತಿ ಸುಳ್ಳಾಗಿರಲಿಲ್ಲ. ಅಕ್ಕ ಹೇಳಿದ್ದನ್ನು ನಾನು ಒತ್ತಿದೆ, ಎಲ್ಲ ಮುಗಿದ ಮೇಲೆ ನಾನು ಓದಿ ಹೇಳಿದ್ದನ್ನು ಅಕ್ಕ ರಟ್ಟಿನ ಮೇಲೆ ಹೊಡೆದಳು. ಕರೆಂಟು ಯಾವಾಗ ಬೇಕಾದರೂ ಹೋಗಬಹುದೆಂದು ಪ್ರತಿ ಐದು ಸಾಲಿಗೊಮ್ಮೆ ಉಳಿಸುತ್ತಿದ್ದೆ, ಮೇಲೊಂದು ನೋಟ್‌ಬುಕ್ಕಿನಲ್ಲೂ ಬರೆಯುತ್ತಿದ್ದೆ. ಆ ಕಪ್ಪು ಪರದೆ ಮೂರು ದಿನದಲ್ಲಿ ಒಮ್ಮೆಯೂ ಹೆಪ್ಪುಗಟ್ಟಲಿಲ್ಲ. ಅದನ್ನು ಬಾಯಿಬಿಟ್ಟು ಹೊಗಳುವ ಧೈರ್ಯ ನನಗಿರಲಿಲ್ಲ.

ಬುಧವಾರ ಕಾರ್ಡಿನ ಮಾಲೆ ಮಗ್ಗ ಏರಿತು. ನಾನು ಶೆಡ್ಡಿನ ಬಾಗಿಲಲ್ಲಿ ನಿಂತೆ, ಒಳಗೂ ಹೋಗದೆ ಹೊರಗೂ ಇರದೆ. ಒಂದು ಗೇಣು ನೇಯ್ದ ಮೇಲೆ ವೆಂಕಟರಾಮಪ್ಪನವರು ಬಗ್ಗಿದರು. ಅಂಚಿನ ಮೇಲೆ ಬೆರಳಾಡಿಸಿದರು.

"ತೆನೆ ಬಂದೈತೆ. ಆದ್ರೆ ಇದೇನಮ್ಮಾ, ಪಕ್ಕದಲ್ಲಿ ಒಂದು ಕಾಳು ಉದುರಿದಂಗೈತೆ?"

ಅಕ್ಕ ನೋಡಿದಳು. ಎಂಬತ್ತೇಳನೇ ಕಾರ್ಡು. ಆಕೆ ಬಿಡು ಎಂದಲ್ಲಿ ನಾನು ಎಕ್ಸು ಒತ್ತಿದ್ದೆ. "ಅದು ತಪ್ಪು. ಈ ಸೀರೆ ಮುಗೀಲಿ, ಕಾಗದ ಅಂಟ್ಸಿ ಆ ತೂತು ಮುಚ್ತೀನಿ," ಎಂದಳು. ನನ್ನ ಹೆಸರು ಹೇಳಲಿಲ್ಲ.

"ಕೊಳ್ಳೋರು ಡಿಸೈನು ಯಾರದ್ದೂಂತ ಕೇಳ್ತಾರೆ. ಬೆಂಗ್ಳೂರ್ದು ಅಂತ ಹೇಳ್ಲಾ?"

"ನಂದು ಅಂತ ಹೇಳಿ," ಎಂದಳು ಅಕ್ಕ. ಎಂಟು ಮಗ್ಗದ ಸದ್ದಿನ ಮೇಲೆ ಕೇಳುವಷ್ಟು ಜೋರಾಗಿ ಹೇಳಿದಳು.

ತಿಂಗಳೊಳಗೆ ರಾಗಿತೆನೆ ನಾಲ್ಕು ಮಗ್ಗಕ್ಕೆ ಏರಿತು. ಎಂಬತ್ತೇಳನೇ ಕಾರ್ಡಿಗೆ ಕಾಗದ ಅಂಟಿಸುವ ಕೆಲಸ ಅಕ್ಕ ನನಗೇ ಕೊಟ್ಟಳು. ಅಂಟು ಒಣಗುವವರೆಗೂ ಪಕ್ಕದಲ್ಲೇ ನಿಂತಿದ್ದಳು. ಕಂಪ್ಯೂಟರಿನ ಪಕ್ಕದಲ್ಲಿ ಈಗ ಮತ್ತೆ ಚೌಕದ ಕಾಗದದ ಕಟ್ಟು ಕೂತಿದೆ. ಹಂಡೆ ಒಲೆಗೆ ತೆಂಗಿನ ಗರಿ.

ಆ ಮೊದಲ ಸೀರೆ, ಕಾಳು ಉದುರಿದ್ದು, ಮಾತ್ರ ಮಿಕ್ಕವುಗಳ ಕಟ್ಟಿನೊಳಗೆ ಸೇರಿ ಮಾರಾಟಕ್ಕೆ ಎಲ್ಲಿಗೋ ಹೋಗಿಬಿಟ್ಟಿತು. ಆವತ್ತಿನಿಂದ ಅದನ್ನು ಹುಡುಕುತ್ತ ನಾನು ನಿಂತಲ್ಲಿ ನಿಲ್ಲಲಾರೆ. ಮದುವೆಗೆ ಹೋದರೆ ಊಟದ ಎಲೆ ಬಿಟ್ಟು ಸೀರೆಯಂಚು ನೋಡುತ್ತೇನೆ. ಮೊನ್ನೆ ಹೊಸಕೋಟೆಯ ಬಸ್ಸಿನಲ್ಲಿ ಎದುರು ಸೀಟಿನ ಅಜ್ಜಿಯೊಬ್ಬರ ಅಂಚಿನಲ್ಲಿ ತೆನೆ ಕಂಡು ಬಗ್ಗಿದೆ. "ಯಾರೋ ನೀನು, ನನ್ ಕಾಲ್ ಹತ್ರ ಏನ್ ಹುಡುಕ್ತಿದೀಯ?" ಎಂದರು.

"ಕಾಳು ಅಜ್ಜಿ. ಒಂದು ಕಾಳು."

ಇಡೀ ಬಸ್ಸು ಹಿಂತಿರುಗಿ ನೋಡಿತು. ಅಜ್ಜಿಯ ಅಂಚು ಸರಿಯಾಗಿಯೇ ಇತ್ತು. ಮುಂದಿನ ಸ್ಟಾಪಿನಲ್ಲಿ ಇಳಿದು, ಮಿಕ್ಕ ದಾರಿ ನಡೆದೆ.